ಬೀಗದಣ್ಣ
ನಮ್ಮ ತೈಲ ಬಾವಿಯ ಸುರಕ್ಷತಾ ಮೇಸ್ತ್ರಿಯನ್ನು ಎಲ್ಲರೂ ಕರೆಯುವುದು ಬೀಗದಣ್ಣ ಎಂದೇ. ಪಂಪು ರಿಪೇರಿಗೆ ಇಳಿಯುವವರೆಲ್ಲ, ಬೇರೆ ಯಾರೂ ಅದನ್ನು ಚಾಲೂ ಮಾಡದಂತೆ, ಅದರ ಸ್ವಿಚ್ಚಿಗೆ ತಂತಮ್ಮ ಬೀಗ ಜಡಿದು ಕೀಲಿಯನ್ನು ಜೇಬಿಗೆ ಹಾಕಿಕೊಳ್ಳಬೇಕು, ಹಾಕಿದವನೇ ತೆಗೆಯಬೇಕು. ತೆಗೆಯಲು ಮರೆತ ವೆಲ್ಡರನನ್ನು ಅವನದೇ ಮದುವೆಯ ಊಟದಿಂದ ಎಬ್ಬಿಸಿ ಕರೆತಂದ ಪುಣ್ಯಾತ್ಮ ಈತ. “ಬೀಗ ನೇತಾಡ್ತಿದ್ರೆ ಆಳು ಒಳಗಿದಾನೆ ಅಂತಲೇ ಅರ್ಥ” ಎಂಬುದು ಅವನ ನಿತ್ಯದ ಜಪ. ಒಂದು ಸಂಜೆ ಪಂಪು ಚಾಲೂ ಮಾಡುವ ಹೊತ್ತಿಗೆ ಸ್ವಿಚ್ಚಿನಲ್ಲಿ ಇನ್ನೂ ಒಂದು ಬೀಗ ಉಳಿದಿತ್ತು. “ಫಿಟ್ಟರ್ ಮನೆಗೆ ಹೋಗಿರ್ತಾನೆ, ಒಡೀರಿ ಅದನ್ನ!” ಎಂದು ಮ್ಯಾನೇಜರು ಕೂಗಾಡಿದರು. ಬೀಗದಣ್ಣ ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತವನು ಜಪ್ಪಯ್ಯ ಅಂದರೂ ಕದಲಲಿಲ್ಲ. ಆ ಗದ್ದಲಕ್ಕೆ ಪಂಪಿನ ಅಡಿಯಿಂದ ಫಿಟ್ಟರ್ ತೆವಳಿ ಬಂದ: “ಇನ್ನೊಂದು ನಟ್ಟು ಬಾಕಿ ಇದೆ, ಏನಣ್ಣ ಗಲಾಟೆ?” ಮ್ಯಾನೇಜರ ಮುಖ ಬಿಳಿಚಿಕೊಂಡಿತು. ಮರುದಿನ ಎಲ್ಲರಿಗಿಂತ ಮೊದಲು ಹೊಸ ಬೀಗ ಹಿಡಿದು ನಿಂತವರು ಅವರೇ: “ನಾನೂ ಇಳಿದು ನೋಡ್ಬೇಕು. ಇದನ್ನ ಎಲ್ಲಿ ಹಾಕ್ಲಿ, ಬೀಗದಣ್ಣ?” “ಆ ಸ್ವಿಚ್ಚಿಗೇ ಹಾಕಿ ಸಾರ್. ತೆಗೆಯೋಕೆ ಮಾತ್ರ ನೀವೇ ಬರ್ಬೇಕು.”