ಕೆರೆ ನುಂಗಿದ ಪ್ರಸಾದ

ನಮ್ಮೂರಿನವರು ತಾಯಿಯ ದರ್ಶನಕ್ಕೆಂದು ಹೊಳೆದಂಡೆಯ ಹುಲಿಗಿ ದೇವಸ್ಥಾನಕ್ಕೆ ಹೋದರೆ ಬರುವಾಗ ಒಂದು ಕೊಡ ಹೊಳೆನೀರು ತಂದು ಊರ ಕೆರೆಗೆ ಸುರಿದು ಕೈಮುಗಿಯುತ್ತಾರೆ. ಒಂದು ಸಲ ನಮ್ಮತ್ತೆ ತಂದ ಕೊಡದಲ್ಲಿ ತಿಳಿನೀಲಿ ಹೂವಿನ ಗಿಡವೊಂದು ತೇಲುತ್ತಿತ್ತು. ತಾಯಿ ಕೊಟ್ಟ ಪ್ರಸಾದವೆಂದು ಅದನ್ನೂ ಕೆರೆಗೆ ಬಿಟ್ಟರು. ಕೆಲವೇ ವರ್ಷಗಳಲ್ಲಿ ಆ ದರಿದ್ರ ಅಂತರಗಂಗೆ ದಡದಿಂದ ದಡಕ್ಕೆ ಹಬ್ಬಿ ನೀರನ್ನೇ ಮುಚ್ಚಿತು. ಕೆರೆಯ ಮೀನನ್ನು ಕುಕನೂರು ಸಂತೆಗೆ ಒಯ್ದು ಮನೆ ನಡೆಸುತ್ತಿದ್ದ ನನ್ನ ಗಂಡನ ಬಲೆಗೆ ಬರೀ ಬೇರು ಬೀಳತೊಡಗಿತು.

ಹೋದ ಬೇಸಿಗೆಯಲ್ಲಿ ಲುಕ್ಸಾನು ಅಂದಾಜು ಮಾಡಲು ಸರಕಾರದ ಕಡೆಯಿಂದ ಒಬ್ಬ ಸಾಹೇಬ ಬಂದ. ಅಂದಾಜು ದೊಡ್ಡದಾದರೆ ಗಿಡ ತೆಗೆಯುವ ಯಂತ್ರ ಬರುತ್ತದೆ, ಇಲ್ಲದಿದ್ದರೆ ಇಲ್ಲ. ಊರೆಲ್ಲ ಕೆರೆಯ ಏರಿಯ ಮೇಲೆ ನೆರೆದಿತ್ತು. ಅವನು ಗಂಡಸರನ್ನೇ ಕೇಳುತ್ತಿದ್ದ. ನನಗೆ ತಡೆಯಲಾಗಲಿಲ್ಲ.

"ನಮ್ದೂ ಬರಕೊಳ್ರಿ ಸಾಹೇಬ್ರ. ಅರಿವಿ ಒಗಿಯಾಕ ನೀರಿಲ್ಲ. ನಮ್ಮ ಎಮ್ಮಿ ಇದರಾಗ ಸಿಕ್ಕೊಂಡು ಸಾಯೂದಿತ್ತು."

"ಸತ್ತೈತೇನು?"

"ತಾಯಿ ದಯಾ, ಉಳದೈತ್ರಿ."

"ಉಳದದ್ದು ಲುಕ್ಸಾನ ಅಲ್ಲಬೇ ಯವ್ವಾ."

ದೇವರು ಉಳಿಸಿಕೊಟ್ಟದ್ದೆಲ್ಲ ಅವನ ಲೆಕ್ಕದಲ್ಲಿ ನಮಗೇ ಮುಳುವಾಯಿತು.

"ಇದು ಕೆರಿಗೆ ಬಂತಾದ್ರೂ ಹೆಂಗ?" ಎಂದ ಸಾಹೇಬ.

"ಪ್ರಸಾದ ತಂದವ್ರನ್ನ ಕೇಳ್ರಿ!" ನಮ್ಮ ಎದುರುಮನೆಯವಳು ನನ್ನ ಕಡೆ ನೋಡಿ ಕೂಗಿದಳು. "ಲುಕ್ಸಾನ ಅವ್ರ ಕಡಿಂದನ ವಸೂಲ ಮಾಡ್ರಿ."

ಎಲ್ಲರೂ ನಕ್ಕರು. ಅತ್ತೆ ಕೋಲೂರಿ ಮುಂದೆ ಬಂದರು. "ಹೌದು, ನಾನ ತಂದೀನಿ. ತಾಯಿ ಕೊಟ್ಟಾಳ. ಯಾವನರ ಕೈ ಹಚ್ಚಿದ್ರ ನೋಡ್ರಿ ಮತ್ತ!"

"ಊರವ್ರಿಗೇ ಬ್ಯಾಡಂದ್ರ ನಾ ಏನ ಬರೀಲಿ?" ಸಾಹೇಬ ಎದ್ದು ನಿಂತ.

ಅವನು ಹೊರಟರೆ ಯಂತ್ರವೂ ಹೋಯಿತೆಂದೇ ಅರ್ಥ. ನಾನು ಸೀರೆ ಎತ್ತಿ ಕಟ್ಟಿ ಕೆರೆಗಿಳಿದೆ. ಕೊಳೆತು ನಾರುವ ಬೇರಿನ ಸಮೇತ ಒಂದು ಗಿಡ ಕಿತ್ತು ತಂದು ಅತ್ತೆಯ ಮುಂದೆ ಹಿಡಿದೆ.

"ಪ್ರಸಾದ ಅಂದ್ರ ಬ್ಯಾಡನ್ನಬಾರ್ದು, ಉಣಬೇಕು. ಉಣ್ರಿ ಅತ್ತಿ."

ನಗು ನಿಂತಿತು. ಅತ್ತೆಯ ಕೈ ಮುಂದೆ ಬರಲಿಲ್ಲ. ಮುಖ ತಿರುಗಿಸಿ ಮನೆಯ ದಾರಿ ಹಿಡಿದರು.

"ಬರೀರಿ ಸಾಹೇಬ್ರ, ತೆಗಿಸೋದೈತಿ," ಎಂದರು ನನ್ನ ಗಂಡ, ನನ್ನತ್ತ ನೋಡದೆ.

ಮಳೆಗಾಲಕ್ಕೆ ಮೊದಲೇ ಯಂತ್ರ ಬಂತು. ಅತ್ತೆ ಅಡ್ಡ ಬರಲಿಲ್ಲ. ಆದರೆ ನನ್ನ ಕೈಯ ರೊಟ್ಟಿ ಮುಟ್ಟುವುದನ್ನು ಬಿಟ್ಟು ಪಡಸಾಲೆಯಲ್ಲಿ ಬೇರೆ ಒಲೆ ಹೂಡಿದ್ದಾರೆ. ಹೂಡಲಿ. ಆ ಒಲೆಯ ಮೇಲೂ ಈಗ ಮೀನು ಬೇಯುತ್ತದೆ.