ಸುತ್ತು ಎಣಿಸದೆ ಕೊಟ್ಟ ಪುಡಿ

ಮಧ್ವೇಶರು ಆ ಮಾತನ್ನು ಕನ್ನಡದಲ್ಲಿ ಅಂದಿದ್ದರೆ ಬಸವಂತ ಹೇಗೋ ನುಂಗಿಕೊಳ್ಳುತ್ತಿದ್ದ. ಅಂದದ್ದು ಮರಾಠಿಯಲ್ಲಿ. ಅದೂ ನಾಗಪುರದ ಧರಮಪೇಠದ ತಮ್ಮ ಔಷಧಿ ಅಂಗಡಿಯಲ್ಲಿ, ಸಂಜೆ ಗಿರಾಕಿಗಳು ಮೊಣಕೈಗೆ ಮೊಣಕೈ ತಾಗಿಸಿ ನಿಂತಿದ್ದಾಗ. ಕೂಲರಿನ ಮೋಟಾರನ್ನು ಬಿಚ್ಚಿ ನೋಡದೆ ರಿಪೇರಿ ಮಾಡದ ಮನುಷ್ಯ ಇವರು, ಹೆಂಡತಿಯ ಹೊಟ್ಟೆಗೆ ಹಾಕುವ ಔಷಧಿಯನ್ನು ಮಾತ್ರ ಮೊಬೈಲು ನೋಡಿ ಹಾಕುತ್ತಾರೆ ಅಂದರು. ಐದಾರು ಜನ ನಕ್ಕರು. ಆ ನಗು ಜಾಲಿಮುಳ್ಳು ಕಾಲಲ್ಲಿ ಮುರಿದ ಹಾಗೆ ಬಸವಂತನಲ್ಲಿ ಉಳಿದಿದೆ. ವರ್ಷವಾಯಿತು, ಇನ್ನೂ ಹೊರಬಂದಿಲ್ಲ.

ಬಸವಂತ ಇಂಡಿ ಕಡೆಯವನು. ಏಳನೇ ಇಯತ್ತೆಯಲ್ಲಿ ಎರಡು ಸಲ ಡುಮ್ಕಿ ಹೊಡೆದು, ಮದ್ದುಗುಂಡಿನ ಆರ್ಡ್ನನ್ಸ್ ಫ್ಯಾಕ್ಟರಿಯಲ್ಲಿದ್ದ ಸೋದರಮಾವನ ಬೆನ್ನು ಹತ್ತಿ ನಾಗಪುರಕ್ಕೆ ಬಂದ. ಈಗ ಬಜಾಜ್ ನಗರದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಸಿಟ್ಟು ಮೂಗಿನ ತುದಿಯಲ್ಲಿ. ಅವಸರ ಮಾಡಿದ ಗಿರಾಕಿಯ ಮೋಟಾರನ್ನು ರಸ್ತೆಗೆ ಎಸೆದದ್ದೂ ಉಂಟು. ಆದರೂ ಬೇಸಿಗೆ ಬಂದರೆ ಅವನ ಅಂಗಡಿಯ ಮುಂದೆ ಸುಟ್ಟ ಮೋಟಾರುಗಳ ಗುಡ್ಡೆ ಬೀಳುತ್ತದೆ. ಕಾರಣ ಅವನ ಒಂದು ಹಟ. ಮೋಟಾರಿನ ಮೇಲೆ ಕಂಪನಿ ಹೊಡೆದ ವಿವರದ ಪ್ಲೇಟನ್ನು ಅವನು ನಂಬುವುದಿಲ್ಲ. ಪ್ಲೇಟಿನಲ್ಲಿ ಏನೇ ಬರೆದಿರಲಿ, ಒಳಗಿನ ಹಳೆ ಕಾಯಿಲ್ ಬಿಚ್ಚಿ, ತಾಮ್ರದ ತಂತಿಯನ್ನು ಒಂದೊಂದೇ ಸುತ್ತು ಎಣಿಸಿ, ಆಮೇಲೆಯೇ ಹೊಸದು ಸುತ್ತುತ್ತಾನೆ. "ಮೊದಲ ಸುತ್ತಿದಾಂವ ಯಾರು, ಎಷ್ಟು ಸುತ್ತ್ಯಾನ, ಗೊತ್ತಾಗೂತನಕ ಕೈ ಹಚ್ಚಬಾರದು" ಅನ್ನುವುದು ಅವನ ಶಾಸ್ತ್ರ.

ಹೆಂಡತಿ ಜಯವ್ವನಿಗೆ ನಾಲ್ಕು ವರ್ಷದ ಹಿಂದೆ ಹೃದಯದ ಕವಾಟ ಬದಲಿಸಿದ್ದರು. ಅಂದಿನಿಂದ ರಕ್ತ ತೆಳ್ಳಗಿಡುವ ಗುಳಿಗೆ ದಿನಾ ಬೇಕು, ರಕ್ತ ತಪಾಸಣೆ ತಿಂಗಳಿಗೊಮ್ಮೆ ಬೇಕು. ಅದಕ್ಕೆ ಅವಳು ಹೊಂದಿಕೊಂಡಿದ್ದಳು. ಹೊಂದಿಕೊಳ್ಳಲಾಗದ್ದು ಮೊಣಕಾಲು ನೋವಿಗೆ. ಮೆಟ್ಟಿಲ ಹತ್ತಿರ ನಿಂತು ಅವಳು ಉಸಿರು ಬಿಗಿಹಿಡಿಯುವುದನ್ನು ನೋಡಿದರೆ ಬಸವಂತನಿಗೆ ಯಾರ ಮೇಲೋ ಸಿಟ್ಟು ಬರುತ್ತಿತ್ತು.

ನಾಗಪುರಕ್ಕೆ ಬಂದು ಮೂವತ್ತು ವರ್ಷ. ಗಿರಾಕಿಯ ಹತ್ತಿರ ಮರಾಠಿ, ತಂತಿ ವ್ಯಾಪಾರಿಯ ಹತ್ತಿರ ಹಿಂದಿ. ಮಗಳು ರಚನಾ ಕೂಡ ಕನ್ನಡದಲ್ಲಿ ಶುರುಮಾಡಿದ ಮಾತನ್ನು ಮರಾಠಿಯಲ್ಲಿ ಮುಗಿಸುತ್ತಾಳೆ. ಇಂಥ ಮನುಷ್ಯನ ಕೈಯಲ್ಲಿದ್ದ ಫೋನು ಒಂದು ಮಧ್ಯಾಹ್ನ ಅಪ್ಪಟ ಇಂಡಿ ಕಡೆಯ ಕನ್ನಡದಲ್ಲಿ ಮಾತಾಡಿತು.

"ಯವ್ವಾ, ಮೊಣಕಾಲ ಹಿಡದಾವೇನು? ಕೂತರ ಏಳಾಕ ಆಗವಲ್ದೇನು? ನಿಮ್ಮ ಮನಿ ಮಗಾ ಅಂತ ತಿಳಕೊಂಡು ಕೇಳ್ರಿ."

ವಿಡಿಯೋದಲ್ಲಿ ತಲೆಗೆ ಪಟಗಾ ಸುತ್ತಿದ್ದ ಗಂಡಸು ಬೇರು, ಅಂಟು, ಅರಿಶಿಣ ಅನ್ನುತ್ತ ಒಂದು ಪುಡಿಯ ಡಬ್ಬಿ ತೋರಿಸಿದ. ಬಸವಂತ ಬಿಚ್ಚಲಿಲ್ಲ, ಎಣಿಸಲಿಲ್ಲ. ನಮ್ಮವ ಅಂದ, ತರಿಸಿಬಿಟ್ಟ.

ಮೂರು ವಾರದಲ್ಲಿ ನೋವು ಕಡಿಮೆಯಾಗಿದೆ ಎಂದು ಜಯವ್ವನೇ ಹೇಳಿದಳು. ಆ ಹುರುಪಿನಲ್ಲಿ, ಅವಳ ಗುಳಿಗೆ ತರಲು ಹೋದಾಗ, ಅವನು ತನ್ನ ಹಾಗೇ ಕನ್ನಡದವರಾದ ಮಧ್ವೇಶರ ಮುಂದೆ ಪುಡಿಯ ಗುಣಗಾನ ಮಾಡಿದ. ಅವರು ಡಬ್ಬಿಯ ಹೆಸರು ಕೇಳಿದರು, ಒಳಗೆ ಏನೇನಿದೆ ಕೇಳಿದರು, ಡಾಕ್ಟರಿಗೆ ಹೇಳಿದ್ದೀರಾ ಕೇಳಿದರು. ಮೂರಕ್ಕೂ ಅವನು ಮೊಬೈಲು ತೆಗೆದು ಆ ವಿಡಿಯೋ ತೋರಿಸಿದ. ಆಗಲೇ ಅವರು ಆ ಮಾತು ಅಂದದ್ದು.

ಬಸವಂತ ಮುಂದಿನ ಮಾತಿಗೆ ನಿಲ್ಲದೆ, ಗುಳಿಗೆ ಎತ್ತಿಕೊಂಡು ಕುದಿಯುತ್ತ ಮನೆಗೆ ಬಂದ. ಊಟದ ಹೊತ್ತಿಗೆ ಪುಡಿಯನ್ನು ಅವನೇ ಹಾಕಿಕೊಟ್ಟ. ಒಂದು ಚಮಚೆಯ ಜಾಗದಲ್ಲಿ ಎರಡು.

"ಯಾಕ್ರೀ ಇಷ್ಟು?" ಅಂದಳು ಜಯವ್ವ.

"ಜಲ್ದಿ ಗುಣ ಆಗಲಿ. ಆ ರಾಯರ ಅಂಗಡಿ ಮುಂದ ನಿನ್ನ ಓಡಿಸಿ ತೋರಸ್ತೀನಿ."

"ನನ್ನ ಓಡಸಾಕ ನಾ ಏನು ಕೂಲರ್ ಫ್ಯಾನೇನ್ರಿ?"

ನಾಲ್ಕನೆಯ ದಿನ ಅವಳ ಮುಂಗೈ ಮೇಲೆ ಅಂಗೈಯಗಲದ ನೀಲಿ ಕಲೆ. ಬಾಗಿಲು ಬಡಿಯಿತು ಅಂದಳು. ಮರುದಿನ ಬೆಳಿಗ್ಗೆ ಹಲ್ಲುಜ್ಜಿದ ಬ್ರಷ್ಷಿನಲ್ಲಿ ರಕ್ತ. ಅದಕ್ಕೆ ಯಾವ ಬಾಗಿಲೂ ಸಿಗಲಿಲ್ಲ.

ಬಸವಂತ ಅಂಗಡಿ ತೆರೆದ, ಕೂತ, ಎದ್ದ. ಎಣಿಸುತ್ತಿದ್ದ ಸುತ್ತು ಮೂರು ಸಲ ತಪ್ಪಿತು. ಮಧ್ವೇಶರನ್ನು ಕೇಳೋಣವೆಂದರೆ ಆ ನಗು ಅಡ್ಡ ಬಂತು. ಕೊನೆಗೆ ಕಾಲೇಜಿನಿಂದ ಬಂದ ರಚನಾಳನ್ನು ಅಂಗಡಿಯ ಸ್ಟೂಲಿನ ಮೇಲೆ ಕೂರಿಸಿ, ಮನೆಯಿಂದ ತಂದ ಡಬ್ಬಿಯನ್ನು ಕೈಗಿಟ್ಟ.

"ಈ ಪುಡಿದು ಹುಡುಕು. ನಿಮ್ಮವ್ವನ ಗುಳಿಗಿ ಕೂಡ ನಡೀತದೋ ಇಲ್ಲೋ, ನೋಡು."

ರಚನಾ ಹುಡುಕಿದಳು. "ಪಪ್ಪಾ, ಸಗಳೇ ಚಾಂಗಲಂಚ್... ಎಲ್ಲಾರೂ ಚಲೋನ ಬರದಾರ."

"ಬರದಾಂವ ಯಾರು?"

"ಹೆಸರಿಲ್ಲ."

"ಊರು?"

"ಅದೂ ಇಲ್ಲ. ಪಪ್ಪಾ, ಈ ನಾಕೂ ಕಡೆ ಸೇಮ್ ಮಾತು ಐತಿ. ಮೊಣಕಾಲಿನ ಫೋಟೋನೂ ಒಂದ."

"ಅಂದ್ರ ನಾಕು ಮೋಟಾರಿಗೂ ಒಬ್ಬಾಂವನ ಪ್ಲೇಟ್ ಹೊಡದಾನ. ಪ್ಲೇಟ್ ಬಿಡು, ಡಬ್ಬಿ ಒಳಗ ಏನೈತಿ ಅದನ್ನ ನೋಡು."

ಡಬ್ಬಿಯ ಮೇಲೆ ಸಣ್ಣಕ್ಷರದಲ್ಲಿದ್ದ ಗಿಡಮೂಲಿಕೆಗಳ ಹೆಸರನ್ನು ಅವಳು ಒಂದೊಂದಾಗಿ ಹೊಡೆದು ನೋಡಿದಳು. ಒಂದು ಹೆಸರಿಗೆ ಬೇರೆ ಥರದ ಪುಟ ತೆರೆಯಿತು. ಬಣ್ಣವಿಲ್ಲ, ಪಟಗಾ ಇಲ್ಲ. ಅಲ್ಲಿದ್ದ ಇಂಗ್ಲಿಷನ್ನು ಅವಳು ತುಂಡು ತುಂಡಾಗಿ ಕನ್ನಡಕ್ಕೆ ತಂದು ಹೇಳಿದಳು. ಈ ಮೂಲಿಕೆಯಿಂದ ಕೆಲವರಿಗೆ ಮೊಣಕಾಲು ನೋವು ಇಳಿಯಬಹುದು, ಪರೀಕ್ಷೆಗಳು ಸಣ್ಣವು, ಖಾತ್ರಿ ಹೇಳಲಾಗದು. ರಕ್ತ ತೆಳ್ಳಗಿಡುವ ಗುಳಿಗೆಯ ಜೊತೆ ತಗೊಂಡರೆ ರಕ್ತಸ್ರಾವ ಹೆಚ್ಚಬಹುದು. ಡಾಕ್ಟರಿಗೆ ತಿಳಿಸದೆ ತಗೋಬೇಡಿ. ಕೆಳಗೆ ಯಾರು ಬರೆದದ್ದು, ಯಾವಾಗ ತಿದ್ದಿದ್ದು, ಯಾವ ಯಾವ ಪರೀಕ್ಷೆ ನೋಡಿ ಬರೆದದ್ದು, ಎಲ್ಲ ಇತ್ತು.

"ಇವರು ಏನು ಮಾರತಾರ?"

ರಚನಾ ಮೇಲಿಂದ ಕೆಳತನಕ ಬೆರಳಾಡಿಸಿದಳು. "ಏನೂ ಇಲ್ಲ ಪಪ್ಪಾ. ತಗೋರಿ ಅಂತ ಎಲ್ಲೂ ಇಲ್ಲ."

ಆದರೂ ಬಸವಂತ ಮನಸ್ಸು ಕೇಳದೆ ಡಬ್ಬಿಯ ಮೇಲಿದ್ದ ನಂಬರಿಗೆ ಫೋನು ಹಚ್ಚಿ, ಕನ್ನಡದಲ್ಲಿ ಮಾತಾಡುವ ಆ ವೈದ್ಯರನ್ನು ಕೊಡಿ ಅಂದ. ಆ ಕಡೆಯ ಹುಡುಗಿ ಹಿಂದಿಯಲ್ಲಿ, ಅವರು ಬರೀ ವಿಡಿಯೋದವರು ಸರ್, ಎಷ್ಟು ಡಬ್ಬಿ ಕಳಿಸಲಿ ಎಂದು ಕೇಳಿದಳು.

ಅರ್ಧ ಸುತ್ತಿದ ಮೋಟಾರನ್ನು ಹಾಗೇ ಬಿಟ್ಟು, ಜಯವ್ವನನ್ನೂ ಡಬ್ಬಿಯನ್ನೂ ಸ್ಕೂಟರಿನ ಮೇಲೆ ಹೇರಿಕೊಂಡು ಆಸ್ಪತ್ರೆಗೆ ಹೋದ. ರಕ್ತ ಇರಬೇಕಾದದ್ದಕ್ಕಿಂತ ಎಷ್ಟೋ ಪಟ್ಟು ತೆಳ್ಳಗಾಗಿತ್ತು. ಇನ್ನೆರಡು ದಿನ ತಡವಾಗಿದ್ದರೆ ತಲೆಯೊಳಗೆ ರಕ್ತ ಸೋರಬಹುದಿತ್ತು ಎಂದು ಡಾಕ್ಟರು ಮಾಮೂಲಿ ಮಾತಿನಂತೆ ಹೇಳಿದರು, ಹೆದರಿಸುವ ದನಿಯೂ ಇರಲಿಲ್ಲ. ಅದೇ ಅವನನ್ನು ಹೆಚ್ಚು ಹೆದರಿಸಿತು. ಆಮೇಲೆ ಅವರು ಇನ್ನೊಂದು ಮಾತು ಹೇಳಿದರು.

"ನಿಮ್ಮ ಧರಮಪೇಠದ ಮೆಡಿಕಲ್‌ನವರು ನೀವು ಅವರ ಅಂಗಡಿಗೆ ಹೋದ ದಿನವೇ ಫೋನ್ ಮಾಡಿ ಪುಡಿಯ ವಿಷಯ ತಿಳಿಸಿದರು. ನಾವು ನಿಮಗೆ ಮೂರು ಸಲ ಫೋನ್ ಹಚ್ಚಿದೆವು. ನೀವು ಕಟ್ ಮಾಡಿದಿರಿ."

ಮಾಡಿದ್ದು ನಿಜ. ಪುಡಿಯವರು ಎರಡನೇ ಡಬ್ಬಿಗೆಂದು ದಿನಾ ಕಾಡುತ್ತಿದ್ದರಿಂದ, ಗುರುತಿಲ್ಲದ ನಂಬರುಗಳನ್ನೆಲ್ಲ ಅವನು ಬೈದುಕೊಂಡು ಕಡಿದುಹಾಕುತ್ತಿದ್ದ.

ಜಯವ್ವ ನಾಲ್ಕು ದಿನದಲ್ಲಿ ಮನೆಗೆ ಬಂದಳು. ಮೊಣಕಾಲು ನೋವೂ ಬಂತು. ಈಗ ಡಾಕ್ಟರು ಹೇಳಿಕೊಟ್ಟ ವ್ಯಾಯಾಮ ಮಾಡುತ್ತಾಳೆ, ಬಿಸಿನೀರಿನ ಚೀಲ ಇಟ್ಟುಕೊಳ್ಳುತ್ತಾಳೆ. ಆ ಎರಡನೇ ಚಮಚೆಯ ಮಾತನ್ನು ಅವಳು ಎತ್ತಿಲ್ಲ. ಅವನೂ ಎತ್ತಿಲ್ಲ.

ಹದಿನೈದು ದಿನ ಬಿಟ್ಟು ಬಸವಂತ ಧರಮಪೇಠಕ್ಕೆ ಹೋದ. ತಪ್ಪಾಯಿತು, ನೀವು ಹೇಳಿದ್ದೇ ಖರೆ ಎಂಬ ಎರಡು ಮಾತನ್ನು ಮರಾಠಿಯಲ್ಲೇ ಕಟ್ಟಿಕೊಂಡು ಹೋಗಿದ್ದ. ಅವಮಾನ ಯಾವ ಭಾಷೆಯಲ್ಲಿ ಆಯಿತೋ ತಪ್ಪೊಪ್ಪಿಗೆಯೂ ಅದೇ ಭಾಷೆಯಲ್ಲಿ, ಐದಾರು ಜನರ ಮುಂದೆಯೇ ಆಗಬೇಕು ಎಂಬ ಹಟ. ಅಂಗಡಿಯಲ್ಲಿ ಜನರಿದ್ದರು. ಮಧ್ವೇಶರೂ ಇದ್ದರು. ಮೂಲೆಯಲ್ಲಿ ಕೂಲರು ಗರಗರ ಅನ್ನುತ್ತಿತ್ತು. ಬಸವಂತ ಕಟ್ಟಿಕೊಂಡು ಬಂದ ಮಾತನ್ನು ಬಿಟ್ಟು, ಯಾರನ್ನೂ ಕೇಳದೆ ಅದರ ಮೋಟಾರನ್ನು ಬಿಚ್ಚಿಕೊಂಡು ಹೋಗಿ, ಎಣಿಸಿ ಸುತ್ತಿ, ಮರುದಿನ ತಂದು ಕೂರಿಸಿದ. ಕೂಲರು ಬೆಕ್ಕಿನ ಹೆಜ್ಜೆಯಂತೆ ಸದ್ದಿಲ್ಲದೆ ತಿರುಗಿತು.

"ಎಷ್ಟು ಕೊಡಬೇಕು, ಬಸವಂತಪ್ಪ?" ಎಂದು ಮಧ್ವೇಶರು ಈ ಸಲ ಕನ್ನಡದಲ್ಲಿ ಕೇಳಿದರು.

"ಏನೂ ಬ್ಯಾಡ್ರಿ, ರಾಯರ."

"ಹಂಗ ಆಗೂದಿಲ್ಲ. ಕೆಲಸಕ್ಕ ಕೂಲಿ ತಗೋಬೇಕು." ಅವರು ನೋಟುಗಳನ್ನು ಅವನ ಅಂಗಿಯ ಜೇಬಿಗೆ ತುರುಕಿ, ಮುಂದಿನ ಗಿರಾಕಿಯ ಚೀಟಿಗೆ ಕೈಚಾಚಿದರು.

ತಿಂಗಳು ತಿಂಗಳು ಗುಳಿಗೆ ತರಲು ಈಗ ಜಯವ್ವನೇ ಒಳಗೆ ಹೋಗುತ್ತಾಳೆ. ಬಸವಂತ ರಸ್ತೆಯ ಆ ಬದಿಗೆ ಸ್ಕೂಟರಿನ ಮೇಲೆ ಕೂತಿರುತ್ತಾನೆ. ಅವಳು ಬಂದು ಹಿಂದೆ ಕೂತು, "ರಾಯರು ನಿಮ್ಮನ್ನ ಕೇಳಿದ್ರು. ಹೋಗಿ ಆ ಮಾತು ಹೇಳಿ ಬರ್ರಿ ಒಮ್ಮೆ" ಅನ್ನುತ್ತಾಳೆ. "ಬರೂ ತಿಂಗಳ" ಎಂದು ಅವನು ಕಿಕ್ ಹೊಡೆಯುತ್ತಾನೆ. ಆ ಎರಡು ಮರಾಠಿ ಮಾತು ಇನ್ನೂ ಅವನ ಬಾಯಲ್ಲೇ ಇವೆ.