ಖಾಲಿ ಬಸ್ಸಿಗೆ ಕೂಗುತ್ತಿದ್ದ ಮೌಶಿ

ಮೌಶಿಯ ಎಡಗಣ್ಣು ಪೂರ್ತಿ ಮುಚ್ಚುತ್ತಿರಲಿಲ್ಲ. ಶಾಲೆಯ ಬಸ್ಸಿನ ಮೊದಲ ಸೀಟಿನಲ್ಲಿ ಆಕೆ ತೂಕಡಿಸುವಾಗಲೂ ರೆಪ್ಪೆಯ ಸಂದಿಯಿಂದ ಒಂದು ಬಿಳಿಯ ಗೆರೆ ನಮ್ಮನ್ನು ನೋಡುತ್ತಿತ್ತು. ಮಕ್ಕಳನ್ನು ಹತ್ತಿಸಿ ಇಳಿಸುವುದು ಆಕೆಯ ಕೆಲಸ. ಹಳೇ ಹುಬ್ಬಳ್ಳಿಯಿಂದ ಗಬ್ಬೂರಿನಾಚೆಯ ನಮ್ಮ ಇಂಟರ್‌ನ್ಯಾಷನಲ್ ಶಾಲೆಗೆ, ಯುಕೆಜಿಯಿಂದ ಹನ್ನೆರಡನೆಯ ತರಗತಿಯವರೆಗೆ, ನಾನು ಆ ಕಣ್ಣಿನ ಕಾವಲಿನಲ್ಲೇ ಓಡಾಡಿದೆ.

ಬಸ್ಸಿನಲ್ಲೂ ಇಂಗ್ಲಿಷೇ ಆಡಬೇಕೆಂಬ ನಿಯಮವಿತ್ತು. ಮೌಶಿಗೆ ಅದು ತಾಗಲಿಲ್ಲ. "ಸಾಹೇಬರ, ಕೈ ಒಳಗ ತಗೋರಿ. ಕೈ ಹ್ವಾದರ ಇಂಗ್ಲಿಷ್ ಯಾತರಿಂದ ಬರೀತೀರಿ?" ಎಂದು ದೊಡ್ಡ ಹುಡುಗರನ್ನೂ ಗದರಿಸುತ್ತಿದ್ದಳು.

ಎಲ್ಲರೂ ಇಳಿದ ಮೇಲೆ ಆಕೆ ಕೊನೆಯ ಸೀಟಿನವರೆಗೆ ಹೋಗಿ, ಬಗ್ಗಿ, "ಬಾ ತಂಗಿ, ಸಾಲಿ ಬಂತು" ಎಂದು ಖಾಲಿ ಬಸ್ಸಿಗೆ ಕೂಗುತ್ತಿದ್ದಳು. ಕೂಗಿ, ಕಾಯುತ್ತಿದ್ದಳು.

"ಯಾರನ್ನ ಕರಿಯಾಕತ್ತಿ, ದೆವ್ವಾನೇನು?" ಎಂದು ಡ್ರೈವರ್ ಕಾಕಾ ಕೆಣಕಿದರೆ, "ಒಂದು ದೆವ್ವ ಗಾಡಿ ಹೊಡಿಯಾಕತ್ತೈತಿ, ಇನ್ನೊಂದಕ್ಕ ಜಾಗಾ ಇಲ್ಲೇನು?" ಎನ್ನುವಳು. ನಾನು ಕೇಳಿದಾಗ ಮಾತ್ರ ನಗಲಿಲ್ಲ.

"ಹಿಂದಕ ಬ್ಯಾರೆ ಸಾಲಿ ಬಸ್ಸಿನ್ಯಾಗ ಒಂದು ಹೆಣ್ಣುಕೂಸು ಸೀಟಿನ ಕೆಳಗ ಮಲಗಿತ್ತು. ನಾ ಬಸ್ಸೆಲ್ಲಾ ನೋಡಿದ್ದೆ, ಖಾಲಿ ಇತ್ತು. ಬಿಸಲಾಗ ಬಾಗಲಾ ಹಾಕಿ ಹ್ವಾದ್ವಿ. ಸಂಜಿಕ ತಗದಾಗ ಕೂಸಿಗೆ ಉಸುರಿರಲಿಲ್ಲ. ಕಣ್ಣು ಖಾಲಿ ಅಂತೈತಿ. ನಂಬಬಾರದು, ಕರೀಬೇಕು."

ವಿದಾಯ ಸಮಾರಂಭದ ತಾಲೀಮು ಮುಗಿಸಿ ಮರಳುತ್ತಿದ್ದ ಮಧ್ಯಾಹ್ನ, ಬೈಪಾಸಿನಲ್ಲಿ ಎಂಜಿನ್ನಿನಿಂದ ಹೊಗೆ ಎದ್ದಿತು. ಮೌಶಿ ಸಣ್ಣವರನ್ನು ಒಬ್ಬೊಬ್ಬರನ್ನಾಗಿ ನನ್ನ ಕೈಗೆ ಇಳಿಸಿದಳು. ಕಾಕಾ ಹೆಸರು ಹಿಡಿದು ಕೂಗಿದರು. ಎಲ್ಲರೂ ರಸ್ತೆಯ ಬದಿಯಲ್ಲಿದ್ದರು.

"ಇಳಿ ಮೌಶಿ, ಒಳಗ ಯಾರೂ ಇಲ್ಲ," ಎಂದೆ.

"ಕರದೀ ಏನು?"

ನಾನು ಸೆರಗು ಹಿಡಿದೆ. ಬಿಡಿಸಿಕೊಂಡು ಒಳಗೆ ಹೋದಳು. ಹೊಗೆಯಿಂದ ಅದೇ ಕೂಗು ಬಂತು. ಆಮೇಲೆ ಸದ್ದಿಲ್ಲ. ಆಕೆ ಕಾಯುತ್ತಿದ್ದಾಳೆಂದು ನನಗೆ ಗೊತ್ತಿತ್ತು. ಮುಂದಿನ ಸೀಟುಗಳಿಗೆ ಬೆಂಕಿ ಹತ್ತಿತು.

ಹಿಂದಿನ ತುರ್ತು ಬಾಗಿಲು ತೆರೆಯಿತು. ಮೌಶಿ ಮೊದಲು ಬಗ್ಗಿ ಏನನ್ನೋ ಮೆಲ್ಲಗೆ ನೆಲಕ್ಕಿಳಿಸಿದಳು. ಆಮೇಲೆ ತಾನು ಇಳಿದಳು. ಸೀರೆ ಹೊತ್ತಿಕೊಂಡಿತ್ತು. ಆದರೂ ಅವಸರವಿಲ್ಲದೆ, ಬಲಗೈ ಇಳಿಬಿಟ್ಟು, ಬೆರಳು ಮಡಚಿ, ಪುಟ್ಟ ಹೆಜ್ಜೆಯೊಂದಕ್ಕೆ ತನ್ನ ಹೆಜ್ಜೆ ಹೊಂದಿಸಿಕೊಂಡವಳಂತೆ ನಮ್ಮತ್ತ ನಡೆದಳು. ಕಾಕಾ ಕಂಬಳಿ ಹೊದಿಸುವಷ್ಟರಲ್ಲಿ ಕುಸಿದಳು. ಅವಳ ಪಕ್ಕದಲ್ಲಿ ಯಾರೂ ಇರಲಿಲ್ಲ.

ಈಗ ನನ್ನ ಡಿಗ್ರಿಯೂ ಮುಗಿಯಿತು, ಆ ಗಳಿಗೆ ಮುಗಿದಿಲ್ಲ. ನಿಂತ ಬಸ್ಸು ಕಂಡರೆ ಈಗಲೂ ನನ್ನ ಕೈ ಅವಳ ಸೆರಗಿಗೆ ಚಾಚಿಕೊಳ್ಳುತ್ತದೆ.

ಆ ವಿದಾಯ ಸಮಾರಂಭದಲ್ಲಿ ಶಾಲೆ ನನಗೆ ಕೊಟ್ಟದ್ದರ ಬಗ್ಗೆ ಮಾತಾಡಬೇಕಿತ್ತು. ಈಜುಕೊಳ, ಚರ್ಚಾಕೂಟ, ಪರದೆಯ ಮೇಲೆ ಪರಿಚಯವಾದ ಜಪಾನಿನ ಗೆಳತಿಯರು ಎಂದೆಲ್ಲ ಯೋಚಿಸಿಕೊಂಡಿದ್ದೆ. ವೇದಿಕೆ ಹತ್ತದೆ ಗೌನಿನಲ್ಲೇ ಆಸ್ಪತ್ರೆಗೆ ಹೋದೆ. ಮರುದಿನ ಮೌಶಿ ತೀರಿಕೊಂಡಳು. ನಾನು ಹೋದಾಗ ಮಾತ್ರ ಎಚ್ಚರವಿತ್ತು. ನನ್ನ ಗುರುತು ಹಿಡಿದು ಕೇಳಿದಳು.

"ಅಕಿ ಮನಿ ಮುಟ್ಟಿದಳೇನವ್ವಾ?"

"ಮುಟ್ಟಿದ್ಳು, ಮೌಶಿ."

"ಅವರವ್ವ ಏನಂದ್ಳು?"

"ಏನೂ ಅನ್ನಲಿಲ್ಲ. ಕೂಸನ್ನ ಎತ್ಕೊಂಡ್ಳು."